ಯಾರು ಓದಬೇಕು, ಯಾಕೆ ಓದಬೇಕು

ಬ್ಯಾಡಗಿಯ ಆ ಓಣಿಯಲ್ಲಿ ಮಂಗಳವಾರದ ಓದಿಗೆ ಇದ್ದದ್ದು ಒಂದೇ ಕಟ್ಟಳೆ: ಓದುವವಳ ಕೈ ತೊಳೆದಿರಬೇಕು. ಉಳಿದವರ ಕೈಯೆಲ್ಲ ಖಾರ. ಬೆಳಿಗ್ಗೆ ಹತ್ತಕ್ಕೆ ಮೆಣಸಿನಕಾಯಿ ಚೀಲವನ್ನು ಫಕ್ಕೀರವ್ವನ ಮನೆಯ ಕಟ್ಟೆಯ ಮೇಲೆ ಸುರಿದರೆ, ತೊಟ್ಟು ಬಿಡಿಸುವ ಹೆಂಗಸರು ಸುತ್ತ ಕೂತುಬಿಡುತ್ತಿದ್ದರು. ಆ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ, ಕೂಸನ್ನು ಎತ್ತುವಂತಿಲ್ಲ, ಪುಸ್ತಕವನ್ನಂತೂ ಮುಟ್ಟುವಂತೆಯೇ ಇಲ್ಲ. ಅದಕ್ಕೇ ಒಬ್ಬಳು ಕೈ ತೊಳೆದುಕೊಂಡು ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುವುದು, ಅವಳ ಪಾಲಿನ ಬುಟ್ಟಿಯನ್ನು ಉಳಿದವರು ಬಿಡಿಸಿಕೊಡುವುದು. ಆರು ವರ್ಷದಿಂದ ಆ ಒಬ್ಬಳು ಫಕ್ಕೀರವ್ವನೇ.

ಅವಳು ಅಕ್ಷರ ಕಲಿತದ್ದು ಎರಡು ಮಕ್ಕಳಾದ ಮೇಲೆ, ಪರಮೇಶಪ್ಪ ಮಾಸ್ತರರ ರಾತ್ರಿ ಶಾಲೆಯಲ್ಲಿ. ಎಪ್ಪತ್ತು ತುಂಬಿದರೂ ಓದುವಾಗ ಸಾಲಿನ ಕೆಳಗೆ ತೋರುಬೆರಳು ಓಡಿಸುವ ರೂಢಿ ಹೋಗಿರಲಿಲ್ಲ. ತಡವಾಗಿ ಉಣ್ಣಲು ಕೂತವರು ಎಲೆಯ ಮೇಲೆ ಅಗಳು ಬಿಡುವುದಿಲ್ಲ. ಹಾಗೆ ಫಕ್ಕೀರವ್ವ ಮುಖಪುಟದಿಂದ ಹಿಡಿದು ಅಚ್ಚುಹಾಕಿದವರ ವಿಳಾಸದವರೆಗೆ ಎಲ್ಲ ಓದಿಯೇ ಪುಸ್ತಕ ಮುಚ್ಚುವವಳು.

ಪುಸ್ತಕ ಬರುತ್ತಿದ್ದದ್ದು ಹಾವೇರಿಯಿಂದ. ಪರಮೇಶಪ್ಪ ಮಾಸ್ತರರು ನಿವೃತ್ತರಾದ ಮೇಲೆ ಪಡಸಾಲೆಯಲ್ಲಿ ಎರಡು ಕಪಾಟು ತುಂಬ ಕಾದಂಬರಿ ಇಟ್ಟುಕೊಂಡಿದ್ದರು. ಹದಿನೈದು ದಿನಕ್ಕೊಮ್ಮೆ ಹೆಗಲಿಗೆ ಚೀಲ ಹಾಕಿಕೊಂಡು ಬ್ಯಾಡಗಿಗೆ ಬಂದು ಈ ಕಟ್ಟೆಯ ಮೇಲೆ ನಾಲ್ಕು ಕೊಟ್ಟು, ಓದಿದ ನಾಲ್ಕನ್ನು ರಾಣೆಬೆನ್ನೂರಿನ ಕೆಲವು ಮನೆಗಳಿಗೆ ಮುಟ್ಟಿಸಿ, ಅಲ್ಲಿಯವನ್ನು ತಿರುಗಿ ತರುವುದು ಅವರ ವ್ರತ. ಪ್ರತಿ ಪುಸ್ತಕದ ಕೊನೆಗೆ ಅವರು ಗೆರೆ ಹೊಡೆದ ಒಂದು ಹಾಳೆ ಅಂಟಿಸಿರುತ್ತಿದ್ದರು. ಹೆಸರು, ಊರು, ಆಮೇಲೆ ‘ಯಾರು ಓದಬೇಕು, ಯಾಕೆ ಓದಬೇಕು’.

“ಚಲೋ ಐತಿ ಅಂತ ಬರದ್ರ ನಾ ಹೊಡದು ಹಾಕ್ತೇನಿ,” ಎನ್ನುವರು ಮಾಸ್ತರರು. “ಚಲೋ ಐತಿ ಅಂತ ಬಿಡಾಕ ಇದು ಹೋಳಿಗಿ ಏನವಾ? ಯಾರಿಗೆ ಚಲೋ ಅದನ್ನ ಬರೀರಿ. ಜ್ವರ ಬಂದಾಂವಗ ಒಂದು ಅಂಬಲಿ, ಬಾಣಂತಿಗೆ ಒಂದು.”

ರೋಷನಬಿಗೆ ಓದಲು ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ಫಕ್ಕೀರವ್ವ ಬರೆಯುತ್ತಿದ್ದಳು. ಒಮ್ಮೆ ಅವಳು ಹೇಳಿ ಬರೆಸಿದ್ದು: “ಗಂಡ ಸಿಟ್ಟಿಗೆದ್ದು ಮಾತು ಬಿಟ್ಟಾಗ ಇದನ್ನ ಓದಸ್ರಿ. ಮನಿಯಾಗ ಯಾರೋ ಮಾತಾಡಿದಂಗ ಆಗತೈತಿ.” ಓಣಿಯೆಲ್ಲ ನಕ್ಕಿತ್ತು.

ಆದರೆ ಎಲ್ಲರೂ ಕಾಯುತ್ತಿದ್ದದ್ದು ರಾಣೆಬೆನ್ನೂರಿನ ಒಬ್ಬಳ ಬರಹಕ್ಕೆ. ‘ಸು.’ ಎಂದಷ್ಟೇ ಹೆಸರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಂದು ಪುಸ್ತಕದಲ್ಲಿ ಅವಳು ಹೀಗೆ ಬರೆದಿದ್ದಳು: “ಬಾಗಿಲು ಹಾಕಿದ ಸಪ್ಪಳದ ಮೇಲೆಯೇ ಯಾರು ಬಂದರು, ಹೇಗೆ ಬಂದರು ಎಂದು ತಿಳಿಯುವವರು ಓದಬೇಕು. ಇದರಲ್ಲಿ ಅಂಥವಳೊಬ್ಬಳಿದ್ದಾಳೆ.” ಇನ್ನೊಂದರಲ್ಲಿ: “ಬಡಿಸುವ ಮೊದಲೇ ತಪ್ಪಾಯಿತು ಎನ್ನುವ ರೂಢಿ ಇರುವವರು ಓದಬೇಕು.” ಮೂರನೆಯದರಲ್ಲಿ: “ದಯವಿಟ್ಟು ಹಾಳೆ ಮಡಿಚಬೇಡಿರಿ. ಎಲ್ಲಿಯ ತನಕ ಓದಿದ್ದೀರಿ ಎಂಬುದು ನಿಮಗಷ್ಟೇ ಗೊತ್ತಿರಲಿ. ಒಬ್ಬರೇ ಇದ್ದಾಗ ಓದಬೇಕು.”

“ಏನ್ ಚಂದ ಬರೀತಾಳ ನೋಡ,” ಎಂದಳು ಫಕ್ಕೀರವ್ವ. “ಪುಸ್ತಕದ ಕರಳಿಗೇ ಕೈ ಹಾಕ್ತಾಳ.”

ರೋಷನಬಿ ಮಾತ್ರ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಹಾಗೇ ಹಿಡಿದುಕೊಂಡು ಕೂತಳು. “ಫಕ್ಕೀರವ್ವಾ, ಇದು ಪುಸ್ತಕದ ಮಾತು ಅಲ್ಲಬೇ.”

“ಮತ್ತ ಯಾತರದು?”

“ನಾ ಏನ್ ಹೇಳ್ಲಿ. ನಂಗ ಓದಾಕ ಬರಂಗಿಲ್ಲ,” ಎಂದು ಅವಳು ತೊಟ್ಟು ಮುರಿದಳು.

ಆ ಮಾತನ್ನು ಫಕ್ಕೀರವ್ವ ಗಾಳಿಗೆ ಬಿಟ್ಟಳು. ಆಗ ಬಿಟ್ಟದ್ದು ಆಮೇಲೆ ಬಹಳ ದಿನ ಅವಳ ಬೆನ್ನು ಹತ್ತಿತು.

* * *

ಸಂಬಂಧದ ಸುದ್ದಿ ಬಂದದ್ದು ಮಾಘದಲ್ಲಿ. ಮೊಮ್ಮಗಳು ಶೈಲಶ್ರೀ ಹಾವೇರಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಸೊಸೆ ನಿರ್ಮಲಾ ರೊಟ್ಟಿ ಬಡಿಯುತ್ತ, ಗಂಡ ಶಶಿಕಾಂತನ ತಾಟಿಗೆ ಒಂದೊಂದೇ ಹಾಕುತ್ತ, ವಿಷಯ ತೆಗೆದಳು. ಶಶಿಕಾಂತ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ತೂಕದ ಕೆಲಸದವನು. ಮನೆಗೆ ಬಂದರೂ ಒಂದು ತಾಸು ಸೀನುತ್ತಲೇ ಇರುವವನು.

“ರಾಣೆಬೆನ್ನೂರಾಗ ಬೀಜದ ಅಂಗಡಿ ಐತಿ. ಇಬ್ಬರ ಅಣ್ಣತಮ್ಮರು. ಹಿರ್ಯಾ ಸುಭಾಷ, ಲಗ್ನ ಆಗೈತಿ. ಸಣ್ಣಾಂವ ವಿಜಯಮಹಾಂತೇಶ, ಅಂವಗ ನಮ್ಮ ಶೈಲಾನ್ನ ಕೇಳಾಕತ್ತಾರ. ತಂದಿ-ತಾಯಿ ಇಬ್ಬರೂ ತೀರಿಕೊಂಡಾರ.” ರೊಟ್ಟಿಯನ್ನು ಹಂಚಿಗೆ ಹಾಕಿ ಅತ್ತೆಯ ಕಡೆ ಓರೆಗಣ್ಣು ಮಾಡಿದಳು. “ಅತ್ತಿ ಇಲ್ಲದ ಮನಿ ಸಿಗೂದು ಏಳೇಳು ಜನ್ಮದ ಪುಣ್ಯ.”

“ಹೌದವಾ,” ಎಂದಳು ಫಕ್ಕೀರವ್ವ ಬದನೆಕಾಯಿ ಹೆಚ್ಚುತ್ತ. “ನಿನ್ನ ಪುಣ್ಯ ಸ್ವಲ್ಪ ಕಡಿಮಿ ಬಿತ್ತು.”

ಶಶಿಕಾಂತ ಸೀನಿದನೋ ನಕ್ಕನೋ ಗೊತ್ತಾಗಲಿಲ್ಲ. ಶೈಲಶ್ರೀ ಮಾತ್ರ ಒಳಗಿನಿಂದ ಕೂಗಿದಳು, “ಪರೀಕ್ಷಾ ಮುಗೀಲಿ ಅಂತ ಹೇಳ್ರಿ ಮೊದ್ಲ!”

ಮುಂದಿನ ಸಲ ಪರಮೇಶಪ್ಪ ಮಾಸ್ತರರು ಬಂದಾಗ ಫಕ್ಕೀರವ್ವ ಸುದ್ದಿ ಹೇಳಿದಳು. ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. “ಸುಭಾಷನ ಮನಿ? ನಾ ಪುಸ್ತಕ ಕೊಡೂದು ಆ ಮನಿಗೇ ಅಲ್ಲೇನವಾ! ಸುಭಾಷನ ಹೇಣ್ತಿ ಸುಶ್ಮಿತಾ, ಕುಪ್ಪೇಲೂರಿನ ಹುಡುಗಿ. ಆಕೀನ ನಿಮ್ಮ ‘ಸು.’ ಅಂದ್ರ. ಗೇಟಿನಾಗ ಕೈ ಹೊರಗ ಚಾಚಿ ತಗೋತಾಳ, ಒಳಗ ಹೊಕ್ಕೊಂಡ ಬಿಡ್ತಾಳ. ಒಂದು ದಿನ ಕುಂದ್ರಿ ಅಂದಿಲ್ಲ ನೋಡು. ಸಂಕೋಚದ ಹುಡುಗಿ.”

ಫಕ್ಕೀರವ್ವನ ಮುಖ ಅರಳಿತು. ಅಷ್ಟು ದಿನ ಸುಮ್ಮನಿದ್ದವಳು ಅಂದು ಸಂಜೆ ಊಟಕ್ಕೆ ಕೂತಾಗ ತಾನೇ ಮಗನಿಗೆ ಹೇಳಿದಳು, “ಆ ಮನಿಗೆ ಕೊಡೂಣು. ಓದೂ ಹೆಣ್ಣಮಗಳು ಇರೂ ಮನಿ ಕೆಟ್ಟದ್ದಿರಂಗಿಲ್ಲ.”

* * *

ಫಾಲ್ಗುಣದ ಒಂದು ಮಂಗಳವಾರ ಸುಭಾಷ ಬಿಳಿ ಗಾಡಿಯಲ್ಲಿ ತಮ್ಮನನ್ನು ಕರೆದುಕೊಂಡು ಮಾತುಕತೆಗೆ ಬಂದ. ಮೃದು ಮಾತಿನ ಮನುಷ್ಯ. ಕಟ್ಟೆಯ ಮೇಲಿನ ಹೆಂಗಸರಿಗೆಲ್ಲ ಕೈ ಮುಗಿದ. ಉಪ್ಪಿಟ್ಟು ತಿಂದ, ಶಿರಾ ತಿಂದ, ತಾಟನ್ನು ತಾನೇ ತೊಳೆಯಲು ಎದ್ದ. ನಿರ್ಮಲಾ ಕರಗಿಹೋದಳು. ತಮ್ಮ ವಿಜಯಮಹಾಂತೇಶ ಒಂದು ಪ್ರಶ್ನೆಗೂ ಅಣ್ಣನ ಮುಖ ನೋಡದೆ ಉತ್ತರ ಕೊಡಲಿಲ್ಲ. ಚಹಾ ಇನ್ನೊಂದಿಷ್ಟು ಹಾಕಲೇ ಎಂದರೂ ಅಣ್ಣನ ಮುಖವನ್ನೇ ನೋಡಿದ.

“ನಿಮ್ಮ ಹೇಣ್ತೀನ್ನೂ ಕರಕೊಂಡ ಬರಬೇಕಿತ್ತಪಾ,” ಎಂದಳು ಫಕ್ಕೀರವ್ವ. “ನಮ್ಮ ಓಣಿಗೆಲ್ಲ ಆಕಿ ಗುರ್ತು ಅದಾಳ.”

“ಸುಶ್ಮಿತಾನ? ಆಕಿ ಹೊರಗ ಹೋಗಂಗಿಲ್ಲಲ್ರಿ ಆಯಿ. ಹೆಂಗ ಗುರ್ತು?”

ಫಕ್ಕೀರವ್ವ ಹೆಮ್ಮೆಯಿಂದ ಎದ್ದಳು. ಆ ಸಲ ಬಂದ ಪುಸ್ತಕಗಳಲ್ಲಿ ಮೂರು ‘ಸು.’ ಓದಿದವೇ ಆಗಿದ್ದವು. ಗೋಡೆಯ ಮಾಡದಿಂದ ಒಂದನ್ನು ತೆಗೆದು ಕೊನೆಯ ಹಾಳೆ ಬಿಚ್ಚಿ ಅವನ ಕೈಗಿಟ್ಟಳು. “ನೋಡ್ರಿ, ನಿಮ್ಮ ಹೇಣ್ತಿ ಅಕ್ಷರ. ಆಕಿ ಹೇಳಿದ ಪುಸ್ತಕ ಒಂದರ ಹುಸಿ ಹೋಗಿಲ್ಲ.”

ಸುಭಾಷ ಓದಿದ. ಮುಖದ ಮೇಲಿನ ನಗೆ ಹಾಗೇ ಇತ್ತು. ಎರಡನೆಯ ಸಲ ಓದಿದ. ಚಹಾದ ಮೇಲೆ ಕೆನೆ ಕಟ್ಟಿತು.

“ಭಾಳ ಚಲೋ ಬರದಾಳ,” ಎಂದ ಮೆಲ್ಲಗೆ. “ಬ್ಯಾರೆನೂ ಅದಾವೇನ್ರಿ ಆಯಿ?”

ಫಕ್ಕೀರವ್ವ ಉಳಿದ ಎರಡನ್ನೂ ತಂದುಕೊಟ್ಟಳು. ಅವನು ಅವಸರ ಮಾಡಲಿಲ್ಲ. ಒಂದೊಂದು ಸಾಲನ್ನೂ ಮೇಲಿಂದ ಕೆಳಗೆ ಓದಿದ. ಕಟ್ಟೆಯ ಮೇಲೆ ಮೆಣಸಿನಕಾಯಿ ಮುರಿಯುವ ಸಪ್ಪಳವೊಂದೇ ಕೇಳುತ್ತಿತ್ತು. ವಿಜಯಮಹಾಂತೇಶ ಅಣ್ಣನ ಕೈಯನ್ನು ನೋಡಿದ, ಆಮೇಲೆ ನೆಲ ನೋಡಿದ. ಮತ್ತೆ ತಲೆ ಎತ್ತಲಿಲ್ಲ.

“ಇವನ್ನ ನಾ ಒಯ್ತೇನ್ರಿ. ಇಷ್ಟು ಮಂದಿ ಓದ್ಯಾರ ಅಂದ್ರ ಆಕಿಗೂ ಗೊತ್ತಾಗ್ಲಿ.”

“ಒಯ್ಯಪಾ, ಒಯ್ಯಿ!” ಫಕ್ಕೀರವ್ವ ಮೂರು ಪುಸ್ತಕಗಳನ್ನು ಕೈಚೀಲಕ್ಕೆ ಹಾಕಿ, ಮೇಲೊಂದು ಸೇರು ಒಣಮೆಣಸಿನಕಾಯಿಯನ್ನು ಕಾಗದದಲ್ಲಿ ಕಟ್ಟಿ ಇಟ್ಟಳು. “ಆಕಿಗೆ ನಾ ಕೊಟ್ಟೆ ಅಂತ ಹೇಳು.”

“ಹೇಳ್ತೇನ್ರಿ,” ಎಂದ ಸುಭಾಷ.

ಗಾಡಿ ಹೋದ ಮೇಲೆ ರೋಷನಬಿ ಎದ್ದು ಬಂದು ಬಾಗಿಲಲ್ಲಿ ನಿಂತಳು. ಕೈ ಕೆಂಪಗಿತ್ತು. “ಏನ್ ಮಾಡಿದಿಬೇ ನೀ?”

* * *

ಹದಿನೈದು ದಿನಕ್ಕೆ ಮಾಸ್ತರರು ಬಂದಾಗ ಚೀಲವನ್ನು ಕೆಳಗಿಡದೆ ನಿಂತೇ ಮಾತಾಡಿದರು. “ಇವತ್ತ ಗೇಟಿಗೆ ಸುಭಾಷನ ಬಂದಿದ್ದ. ‘ಇನ್ನ ಪುಸ್ತಕ ತರಬ್ಯಾಡ್ರಿ ಮಾಸ್ತರ್ರ, ನಮ್ಮನ್ಯಾಗ ಓದೋರಿಲ್ಲ’ ಅಂದ. ಮೂರೂ ತಿರುಗಿ ಕೊಟ್ಟಾನ.”

ಮೂರರಲ್ಲೂ ಕೊನೆಯ ಹಾಳೆ ಇರಲಿಲ್ಲ. ಹರಿದಿರಲಿಲ್ಲ, ಬ್ಲೇಡಿನಿಂದ ಬುಡಸಮೇತ ನೀಟಾಗಿ ಕೊಯ್ದಿತ್ತು.

ಫಕ್ಕೀರವ್ವ ಅಂದು ಮಧ್ಯಾಹ್ನ ಉಣ್ಣಲಿಲ್ಲ. ಮೂರು ಪುಸ್ತಕಗಳನ್ನೂ ಮಡಿಲಲ್ಲಿಟ್ಟುಕೊಂಡು ಹಾಳೆ ತಿರುವುತ್ತ ಕೂತಳು. ಮೂರನೆಯದರ ನಟ್ಟನಡುವೆ ಒಂದು ಹಾಳೆಯ ಮೂಲೆ ಮಡಿಚಿತ್ತು. ಹಾಳೆ ಮಡಿಚಬೇಡಿರಿ ಎಂದು ಬರೆದವಳ ಮನೆಯಿಂದ ಬಂದ ಪುಸ್ತಕ ಅದು; ಒಯ್ಯುವಾಗ ಈ ಮಡಿಕೆ ಇರಲಿಲ್ಲ. ಅವಳು ಬೆರಳಿಟ್ಟು ಮೊದಲ ಸಾಲಿನಿಂದ ಓದತೊಡಗಿದಳು. ಆ ಪುಟದಲ್ಲಿ, ಕಾದಂಬರಿಯ ಸೊಸೆ ತನ್ನ ತವರಿಗೆ ಕಾಗದ ಬರೆಯುತ್ತಾಳೆ. ಏಳನೆಯ ಸಾಲಿಗೆ ಬರುವಾಗ ಬೆರಳ ತುದಿಗೆ ಕಾಗದ ಒಳಗೆ ಇಳಿದಂತಾಯಿತು. ಶಾಯಿ ಇಲ್ಲ, ಪೆನ್ಸಿಲ್ ಇಲ್ಲ. ಯಾರೋ ಉಗುರಿನಿಂದ ಒತ್ತಿ ಒತ್ತಿ ಗೆರೆ ಎಳೆದಿದ್ದರು. ಕಣ್ಣಿಂದ ಓದುವವರಿಗೆ ಸಿಗುವಂಥದ್ದಲ್ಲ ಅದು. ಗೆರೆಯ ಮೇಲಿನ ಸಾಲು ಹೀಗಿತ್ತು: ‘ತಂಗಿಯನ್ನು ಮಾತ್ರ ಈ ಮನೆಗೆ ಕಳಿಸಬೇಡಿರಿ.’

ಸಂಜೆ ಶಶಿಕಾಂತ ಬಂದೊಡನೆ ಪುಸ್ತಕ ಮುಂದೆ ಹಿಡಿದಳು. ಅವನು ಬೆಳಕಿಗೆ ಹಿಡಿದು ನೋಡಿದ, ಓರೆ ಮಾಡಿ ನೋಡಿದ. “ಎಲ್ಲೈತಿ ಯವ್ವಾ? ನಂಗೇನೂ ಕಾಣವಲ್ದು.”

“ಮುಟ್ಟಿ ನೋಡು.”

“ಪುಸ್ತಕ ನೂರು ಕೈ ದಾಟಿರತೈತಿ. ಯಾರ ಉಗುರೋ ಏನೋ. ಕತಿಯಾಗಿನ ಮಾತು ಹಿಡಕೊಂಡು ಸಂಬಂಧ ಬಿಡಾಕ ಆಗತೈತೇನು? ಊರಿಗೆಲ್ಲ ಹೇಳೇವಿ.”

ನಿರ್ಮಲಾ ಸಾರಿಗೆ ಒಗ್ಗರಣೆ ಹಾಕಿ ಸೌಟು ಹಿಡಿದೇ ಬಂದಳು. “ಕೊಡೂಣು ಅಂದವರೂ ನೀವ, ಬ್ಯಾಡ ಅನ್ನವರೂ ನೀವ. ಯಾಕಂದ್ರ ಪುಸ್ತಕ! ಮಂದಿ ಜಾತಕ ನೋಡಿ ಲಗ್ನ ಮಾಡ್ತಾರ, ನಮ್ಮತ್ತಿ ಕಾದಂಬರಿ ನೋಡಿ ಮಾಡ್ತಾರ. ನನ್ನ ಮಗಳು ಸುಖಾ ಪಡೂದು ನಿಮಗ ಸೇರವಲ್ದು.”

“ನಿನ್ನ ಮಗಳು ನಂಗೇನೂ ಅಲ್ಲೇನು?”

“ಹಂಗಂದ್ರ ಸುಮ್ನ ಕುಂದ್ರಿ.”

ಶೈಲಶ್ರೀ ತಾಟಿನಲ್ಲಿ ಅನ್ನ ಕಲೆಸುತ್ತ ಕೂತಿದ್ದಳು. “ಆಯೀ, ಒಂದ ಹೇಳ್ಲಿ? ಅವರು ನಂಗ ಫೋನ್ ಮಾಡಿದಾಗೆಲ್ಲ ಮೊದ್ಲ ಒಂದ ಮಾತು ಹೇಳ್ತಾರ. ‘ಅಣ್ಣ ಹೊರಗ ಹೋಗ್ಯಾನ, ಲಗೂ ಮಾತಾಡು’ ಅಂತ.” ಅವಳು ತುತ್ತು ಎತ್ತಿ ಮತ್ತೆ ಇಟ್ಟಳು. “ಮೂವತ್ತ ವರ್ಷದ ಗಂಡಸು.”

ಒಲೆಯ ಮೇಲೆ ಸಾರು ಉಕ್ಕಿತು.

ಕೊನೆಗೆ ಫಕ್ಕೀರವ್ವನೇ ಹೇಳಿದಳು, “ಆತು. ನಾ ಅಡ್ಡ ಬರಂಗಿಲ್ಲ. ಒಂದ ಮಾತು ನಡಸಿಕೊಡ್ರಿ. ಅತ್ತಿ ಇಲ್ಲದ ಮನಿ ಅಂದಮ್ಯಾಲ ನಿಶ್ಚಯದಾಗ ಮೊದಲನೇ ಉಡಿ ಹಿರೇಸೊಸಿ ತುಂಬಬೇಕು. ಅದು ಪದ್ಧತಿ. ಸುಶ್ಮಿತಾ ಬರಬೇಕು.”

ಶಶಿಕಾಂತ ಅಲ್ಲೇ ಫೋನು ಹಚ್ಚಿದ. ಸುಭಾಷನ ದನಿ ಅಡಿಗೆಮನೆಯ ತನಕ ಕೇಳಿಸಿತು. “ಅದಕ್ಕೇನ್ರಿ ಮಾಮಾ. ತವರಿಗೆ ಹೋಗ್ಯಾಳ, ಕುಪ್ಪೇಲೂರಿಗೆ. ನಿಶ್ಚಯಕ್ಕ ಅಲ್ಲಿಂದ ಬಂದಬಿಡ್ತಾಳ.”

“ಕೇಳಿದ್ರೇನು?” ಎಂದಳು ನಿರ್ಮಲಾ.

* * *

ನಿಶ್ಚಯಕ್ಕೆ ಮೂರು ದಿನ ಇರುವಾಗ ಫಕ್ಕೀರವ್ವ ರೋಷನಬಿಯನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ಕುಪ್ಪೇಲೂರಿನ ಬಸ್ಸು ಹತ್ತಿದಳು. ಬುತ್ತಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ. ಸುಶ್ಮಿತಾಳ ತವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವಳ ತಾಯಿ ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದಳು. ಬೀಗರಾಗುವವರು ಎಂದು ತಿಳಿದು ಓಡಿಬಂದು ನೀರು ಕೊಟ್ಟಳು.

“ಸುಶ್ಮಿತಾ ಎಲ್ಲಿ?” ಎಂದಳು ಫಕ್ಕೀರವ್ವ ಸುತ್ತ ನೋಡುತ್ತ.

ತಾಯಿ ನಕ್ಕಳು. “ಅದನ್ನ ನಾ ನಿಮ್ಮನ್ನ ಕೇಳಬೇಕ್ರಿ! ನಿಮ್ಮ ಮನಿ ನಿಶ್ಚಯದ ಗದ್ದಲದಾಗ ಅದಾಳಂತಲ್ಲ. ದಿನಾ ಫೋನ್ ಹಚ್ತೇನಿ, ಅಳಿಯಾನ ತಗೋತಾನ. ‘ಬ್ಯಾಡಗಿಗೆ ಹೋಗ್ಯಾಳ, ಸೀರಿ ತರಾಕ ಹೋಗ್ಯಾಳ’ ಅಂತಾನ. ಪುರಸೊತ್ತ ಇಲ್ಲ ನನ್ನ ಮಗಳಿಗೆ.”

“ನೀವು ಆಕಿ ದನಿ ಕೇಳಿ ಎಷ್ಟ ದಿನಾತು?”

ತಾಯಿ ಬೆರಳು ಮಡಿಚಿ ಎಣಿಸಿದಳು. ಎಣಿಸುತ್ತ ಎಣಿಸುತ್ತ ಅವಳ ನಗೆ ಇಳಿಯಿತು. “ಹದಿನೆಂಟು.”

ಫಕ್ಕೀರವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪುಸ್ತಕದ ಚೀಲಕ್ಕೆ ಮೆಣಸಿನಕಾಯಿ ಕಟ್ಟಿಕೊಟ್ಟ ಮಂಗಳವಾರಕ್ಕೆ ಸರಿಯಾಗಿ ಹದಿನೆಂಟು ದಿನ. ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಡಲು ಅವಳಿಗೆ ಜಾಗ ಸಿಗಲಿಲ್ಲ, ರೋಷನಬಿ ಇಸಿದುಕೊಂಡಳು.

ರಾತ್ರಿ ಊಟದ ಹೊತ್ತಿಗೆ ಮಗನಿಗೆ ಹೇಳಿದಳು. ಶಶಿಕಾಂತ ‘ಏನರ ಕಾರಣ ಇರತೈತಿ’ ಎಂದ. ಆದರೆ ಮುರಿದ ರೊಟ್ಟಿಯನ್ನು ಹಾಗೇ ಬಿಟ್ಟು ಕೈ ತೊಳೆದ. ನಿರ್ಮಲಾ ಆ ರಾತ್ರಿ ಯಾರನ್ನೂ ಚುಚ್ಚಲಿಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

* * *

ನಿಶ್ಚಯದ ದಿನ ಮನೆಯೊಳಗೆ ಜಮಖಾನೆ ಹಾಸಿತ್ತು, ಕಟ್ಟೆಯ ಮೇಲೆ ಎಂದಿನಂತೆ ಮೆಣಸಿನಕಾಯಿ ಸುರಿದಿತ್ತು. “ಇವತ್ತರ ಬ್ಯಾಡ, ಬಂದವರೆಲ್ಲ ಸೀನತಾರ,” ಎಂದು ನಿರ್ಮಲಾ ಅಂದಿದ್ದಕ್ಕೆ ಫಕ್ಕೀರವ್ವ, “ಸೀನಲಿ,” ಎಂದಿದ್ದಳು.

ಬಿಳಿ ಗಾಡಿ ಬಂತು. ಸುಭಾಷ ಇಳಿದ, ವಿಜಯಮಹಾಂತೇಶ ಇಳಿದ, ಇಬ್ಬರು ಹಿರಿಯರು ಇಳಿದರು. ಹೆಂಗಸರು ಯಾರೂ ಇಳಿಯಲಿಲ್ಲ. ಶೈಲಶ್ರೀ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಳು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಸಿದ್ಧವಾಗಿದ್ದವು.

“ಹಿರೇಸೊಸಿ ಎಲ್ಲಪಾ?” ಎಂದಳು ಫಕ್ಕೀರವ್ವ.

“ತವರಿನಾಗ ಆಕಿ ತಾಯಿಗೆ ಆರಾಮಿಲ್ರಿ ಆಯಿ. ಬಿಟ್ಟ ಬರಾಕ ಆಗ್ಲಿಲ್ಲ. ನಿಮ್ಮೋರ ಯಾರರ ಮುತ್ತೈದಿ ತುಂಬಲಿ.”

“ಮೊನ್ನೆ ನಾ ಕುಪ್ಪೇಲೂರಾಗ ಇದ್ದೆನಲ್ಲ. ಅವರ ತಾಯಿ ಗೋವಿನಜೋಳ ಹರವಾಕತ್ತಿದ್ಲು. ಗಟ್ಟಿ ಅದಾಳ.”

ಜಮಖಾನೆಯ ಮೇಲೆ ಕೂತವರೆಲ್ಲ ಸುಭಾಷನ ಮುಖ ನೋಡಿದರು. ವಿಜಯಮಹಾಂತೇಶ ಮಾತ್ರ ನೋಡಲಿಲ್ಲ.

“ಮನ್ಯಾಗ ಅದಾಳ್ರಿ,” ಎಂದ ಸುಭಾಷ ಮತ್ತೆ ಅದೇ ಮೆಲುದನಿಯಲ್ಲಿ. “ಆರಾಮಿಲ್ಲ. ಶುಭ ಕೆಲಸದಾಗ ಹೇಳಬಾರದು ಅಂತ…”

“ಅಡ್ಡಿ ಇಲ್ಲ. ರಾಣೆಬೆನ್ನೂರೇನು ಕಾಶಿ ಅಲ್ಲ. ಕಳಿಸಿ ಕರಸ್ರಿ. ನಾವು ಕಾಯ್ತೇವಿ.”

“ಮುಹೂರ್ತ ಮೀರತೈತ್ರಿ,” ಎಂದರು ಹಿರಿಯರೊಬ್ಬರು.

“ನಾ ಅಕ್ಷರ ಕಲಿಯಾಕ ಮೂವತ್ತೈದು ವರ್ಷ ಕಾದೇನ್ರಿ ಯಜಮಾನ್ರ. ಎರಡ ತಾಸು ಯಾವ ಲೆಕ್ಕ.” ಫಕ್ಕೀರವ್ವ ಕಂಬಕ್ಕೆ ಒರಗಿ ಕಾಲು ಚಾಚಿದಳು.

ಸುಭಾಷ ಮಗ್ಗುಲು ಬದಲಿಸಿದ. ಇಷ್ಟು ಜನರ ಮುಂದೆ ಎದ್ದು ಹೋಗುವಂತಿರಲಿಲ್ಲ. ಕೊನೆಗೆ ತಮ್ಮನಿಗೆ ಕಣ್ಣು ಮಾಡಿದ. ವಿಜಯಮಹಾಂತೇಶ ಗಾಡಿಯ ಕೀಲಿ ತೆಗೆದುಕೊಂಡು, ಹೆಚ್ಚುಕಡಿಮೆ ಓಡಿಯೇ, ಹೊರಬಿದ್ದ.

ಎರಡು ತಾಸಿಗೆ ಗಾಡಿ ತಿರುಗಿ ಬಂತು. ಸುಶ್ಮಿತಾ ಇಳಿದಳು. ಸಣ್ಣ ಮೈಯ ಹುಡುಗಿ; ಸೆರಗನ್ನು ಬಲಗೈಗೆ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಹೊಸಿಲು ದಾಟುವಾಗ ಅವಳ ಕಣ್ಣು ಮೊದಲು ಹೋದದ್ದು ಮಾಡದಲ್ಲಿದ್ದ ಪುಸ್ತಕಗಳ ಕಡೆಗೆ. ಅವಳು ಶೈಲಶ್ರೀಯ ಎದುರು ಕೂತು, ತಾಟಿಗೆ ಎಡಗೈ ಚಾಚಿ ಒಂದು ಹಿಡಿ ಅಕ್ಕಿ ಎತ್ತಿ ಉಡಿಗೆ ಹಾಕಿದಳು.

“ಎಡಗೈಲೆ ಉಡಿ ತುಂಬ್ತಾರೇನವಾ?” ಎಂದಳು ನಿರ್ಮಲಾ ಬೆಚ್ಚಿ. ಸರಿಪಡಿಸಲೆಂದು ಅವಳ ಸೆರಗು ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಪಟ್ಟಿ ಕಟ್ಟಿತ್ತು. ಪಟ್ಟಿಯ ಹೊರಗೆ ಕಾಣುತ್ತಿದ್ದ ತುದಿಗಳು ಕಪ್ಪಗಾಗಿದ್ದವು. ಉಳಿದೆರಡು ಬೆರಳಿಗೆ ಏನೂ ಆಗಿರಲಿಲ್ಲ.

“ಬಾಗಲದಾಗ ಸಿಕ್ಕಾವ್ರಿ,” ಎಂದ ಸುಭಾಷ.

“ನಿನ್ನ ಕೇಳಿಲ್ಲ,” ಎಂದಳು ಫಕ್ಕೀರವ್ವ. ಅವಳು ತೆವಳಿಕೊಂಡೇ ಬಂದು ಸುಶ್ಮಿತಾಳ ಮುಂದೆ ಕೂತಳು. “ಬೆರಳಿಗೆ ಏನಾತು ಮಗಳ?”

ಸುಶ್ಮಿತಾ ಗಂಡನ ಕಡೆ ನೋಡಲಿಲ್ಲ. ಶೈಲಶ್ರೀಯ ಉಡಿಯಲ್ಲಿನ ಅಕ್ಕಿಯನ್ನೇ ನೋಡುತ್ತ, ಕೇಳಿತೋ ಇಲ್ಲವೋ ಎಂಬಷ್ಟು ಸಣ್ಣಗೆ ಹೇಳಿದಳು. “ಬರೆದಿದ್ದಕ್ಕ.”

ಮೊದಲು ಎದ್ದವಳು ನಿರ್ಮಲಾ. ಅವಳು ಬಗ್ಗಿ ಮಗಳ ಉಡಿಯ ಅಕ್ಕಿಯನ್ನು ಒಂದು ಕಾಳೂ ಉಳಿಯದಂತೆ ಬಳಿದು ತಾಟಿಗೆ ಹಾಕಿದಳು. “ಏಳವಾ ಶೈಲಾ. ಸೀರಿ ಬಿಚ್ಚಿ ಇಡು,” ಎಂದಳು. ಶಶಿಕಾಂತ ಬಾಗಿಲಿಗೆ ಹೋಗಿ, ಬಂದವರು ಬಿಟ್ಟಿದ್ದ ಕಾಲ್ಮರಿಗಳನ್ನು ಒಂದೊಂದಾಗಿ ಬೀದಿಯ ಕಡೆಗೆ ತಿರುಗಿಸಿ ಇಟ್ಟ.

ಹಿರಿಯರಿಬ್ಬರೂ ತಲೆ ತಗ್ಗಿಸಿ ಹೊರಟರು. ಸುಭಾಷ ಎದ್ದು ಅಂಗಿ ಸರಿಮಾಡಿಕೊಂಡ. “ಏಳು. ಗಾಡಿ ಹತ್ತು,” ಎಂದ ಹೆಂಡತಿಗೆ. ಸುಶ್ಮಿತಾ ರೂಢಿಯಿಂದ ಎದ್ದೇಬಿಟ್ಟಳು. ಫಕ್ಕೀರವ್ವ ಅವಳ ಎಡಗೈ ಮಣಿಕಟ್ಟನ್ನು ಹಿಡಿದು ಕೂಡಿಸಿದಳು.

“ಈಕಿ ಇವತ್ತ ಇಲ್ಲೇ ಇರ್ತಾಳ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಕಟ್ಟೆಯ ಮೇಲಿನ ಹೆಂಗಸರು ಒಳಗೆ ಬಂದಿದ್ದರು. ಏಳೆಂಟು ಜನ, ಮೊಣಕೈವರೆಗೆ ಕೆಂಪು. ರೋಷನಬಿ ಎಲ್ಲರಿಗಿಂತ ಮುಂದೆ ಎರಡೂ ಅಂಗೈ ಬಿಚ್ಚಿ ನಿಂತಳು.

“ಬರ್ರಿ ಸಾಹೇಬ್ರ,” ಎಂದಳು. “ನಾವು ಯಾರೂ ಕೈ ತೊಳಕೊಂಡಿಲ್ಲ ನೋಡ್ರಿ.”

ಸುಭಾಷ ಆ ಕೈಗಳನ್ನು ನೋಡಿದ. ಆಮೇಲೆ ನಕ್ಕ. “ಇರ್ಲಿ ಆಯಿ. ನಾಲ್ಕ ದಿನ ಇಟ್ಟಕೊಳ್ರಿ. ನಾ ಬಂದು ಕರಕೊಂಡ ಹೋಗ್ತೇನಿ. ನಂಗೂ ಕಾಯಾಕ ಬರತೈತಿ.”

* * *

ಅವನು ಹೇಳಿದಂತೆಯೇ ಮಾಡಿದ. ಮರುದಿನದಿಂದ ಬಿಳಿ ಗಾಡಿ ಓಣಿಯ ತುದಿಯಲ್ಲಿ ಬಂದು ನಿಲ್ಲತೊಡಗಿತು. ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ. ಇಳಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಎಂಜಿನ್ ಸಪ್ಪಳ ಮಾತ್ರ. ಕುಪ್ಪೇಲೂರಿನಿಂದ ತಾಯಿ ಬಂದು ಮಗಳ ಮಗ್ಗುಲಲ್ಲೇ ಮಲಗಿದಳು. ಪರಮೇಶಪ್ಪ ಮಾಸ್ತರರು ಪೊಲೀಸರಿಗೆ ಕೊಡುವ ಅರ್ಜಿಯನ್ನು ತಾವು ಬರೆಯುವುದಾಗಿ ಹೇಳಿದರೆ ಸುಶ್ಮಿತಾ ಒಪ್ಪಲಿಲ್ಲ. ಎಡಗೈಯಲ್ಲಿ ಪೆನ್ನು ಹಿಡಿದು ತಾನೇ ಬರೆದಳು. ಮುತ್ತಿನಂಥ ಅಕ್ಷರ ಹೋಗಿ, ಒಂದು ಮೇಲೆ ಒಂದು ಕೆಳಗೆ, ನಿಲ್ಲಲು ಬಾರದ ಕೂಸಿನ ಹಾಗೆ ಅಕ್ಷರಗಳು ತೊನೆಯುತ್ತಿದ್ದವು. ಫಕ್ಕೀರವ್ವನಿಗೆ ರಾತ್ರಿ ಶಾಲೆಯ ತನ್ನ ಪಾಟಿ ನೆನಪಾಯಿತು.

“ನಾ ತೋರಿಸಿಕೊಟ್ಟೆನಲ್ಲವಾ ಅಂವಗ,” ಎಂದಳು ಒಂದು ದಿನ ರೊಟ್ಟಿ ಮುರಿದು ಅವಳ ತಾಟಿಗೆ ಹಾಕುತ್ತ. “ನನ್ನ ಕೈಯಾರೆ.”

ಸುಶ್ಮಿತಾ ಎಡಗೈಯಲ್ಲಿ ತುತ್ತು ಕಲೆಸುತ್ತಿದ್ದಳು. “ಹೌದ್ರಿ,” ಎಂದಳು. ಅಷ್ಟೇ. ಸಮಾಧಾನದ ಮಾತು ಹೇಳಲಿಲ್ಲ, ಫಕ್ಕೀರವ್ವ ಕೇಳಲೂ ಇಲ್ಲ.

ಅರ್ಜಿ ಕೊಟ್ಟ ಮೇಲೂ ಗಾಡಿ ಬರುವುದು ನಿಲ್ಲಲಿಲ್ಲ. “ವಿಚಾರಣಿ ಮಾಡ್ತೇವಿ ಅಂದಾರ,” ಎಂದ ಶಶಿಕಾಂತ. ಈಗ ಅವನು ಪೇಟೆಯಿಂದ ಮಧ್ಯಾಹ್ನ ಊಟಕ್ಕೂ ಮನೆಗೆ ಬರುತ್ತಿದ್ದ. ನಿರ್ಮಲಾ ಹಗಲು ಹೊತ್ತೂ ಹಿತ್ತಲ ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು.

ಮಂಗಳವಾರ ಬಂತು. ಮೆಣಸಿನಕಾಯಿ ಸುರಿದರು, ಹೆಂಗಸರು ಸುತ್ತ ಕೂತರು. ಮಾಸ್ತರರು ಆ ಮೂರು ಪುಸ್ತಕಕ್ಕೂ ಹೊಸ ಹಾಳೆ ಅಂಟಿಸಿ ಕೊಟ್ಟಿದ್ದರು. ಸುಶ್ಮಿತಾಗೆ ತೊಟ್ಟು ಬಿಡಿಸಲು ಬರುವಂತಿರಲಿಲ್ಲ. ಫಕ್ಕೀರವ್ವ ಕಂಬದ ಬುಡದ ಜಾಗ ಬಿಟ್ಟು ಎದ್ದು, ಒಂದು ಬುಟ್ಟಿ ಎಳೆದುಕೊಂಡು ಉಳಿದವರ ಜೊತೆ ಕೂತಳು. “ಕೈ ತೊಳದಾಕಿ ನೀ ಒಬ್ಬಾಕಿನ ಅದಿ. ಓದು.”

ಸುಶ್ಮಿತಾ ಮೊದಲು ಕೊನೆಯ ಹಾಳೆ ತೆಗೆದು ಎಡಗೈಯಿಂದ ಏನೋ ಬರೆದಳು. ಶೈಲಶ್ರೀ ಬಗ್ಗಿ ನೋಡಿದಳು. ಹೆಸರಿನ ಕಡೆ ‘ಸು.’ ಇರಲಿಲ್ಲ. ‘ಸುಶ್ಮಿತಾ’ ಎಂದು ಪೂರ್ತಿ ಇತ್ತು, ಎರಡು ಸಾಲು ಹಿಡಿದಿತ್ತು. ‘ಯಾರು ಓದಬೇಕು’ ಎಂಬಲ್ಲಿ: ‘ಎಲ್ಲರೂ ಕೂಡಿ. ಗಟ್ಟಿಯಾಗಿ.’

ಆಮೇಲೆ ಮೊದಲ ಪುಟದಿಂದ ಓದತೊಡಗಿದಳು. ದನಿ ಸಣ್ಣದು, ಹೆಂಗಸರು ತೊಟ್ಟು ಮುರಿಯುವ ಸಪ್ಪಳವನ್ನೂ ಕಡಿಮೆ ಮಾಡಿದರು. ನಾಲ್ಕನೆಯ ಪುಟ ತಿರುವುವಾಗ ಓಣಿಯ ತುದಿಯಲ್ಲಿ ಗಾಡಿಯ ಬಾಗಿಲು ಹಾಕಿದ ಸಪ್ಪಳವಾಯಿತು. ಇಷ್ಟು ದಿನ ಎಂಜಿನ್ ಸಪ್ಪಳವಿತ್ತು, ಬಾಗಿಲಿನದು ಇರಲಿಲ್ಲ.

ಸುಶ್ಮಿತಾ ತಲೆ ಎತ್ತಲಿಲ್ಲ. “ಇಳದಾನ,” ಎಂದಳು. “ಸಿಟ್ಟಿಲೆ ಬರಾಕತ್ತಾನ.”

“ಓದಿ ಎಲ್ಲಿಗೆ ನಿಂತಿದ್ದಿ?” ಎಂದಳು ಫಕ್ಕೀರವ್ವ.

“ಸೊಸಿ ಬಾಗಲಾ ತಗ್ಯಾಕ ಹೋಗ್ತಾಳ, ಅಲ್ಲಿಗೆ.”

“ಮುಂದ ಓದು.”

ಸುಶ್ಮಿತಾ ಬೆರಳಿಟ್ಟು ಸಾಲು ಹುಡುಕಿ ಓದಿದಳು, ಈ ಸಲ ಗಟ್ಟಿಯಾಗಿ. ಕಾಲ್ಮರಿಯ ಸಪ್ಪಳ ಓಣಿಯಲ್ಲಿ ಹತ್ತಿರ ಹತ್ತಿರ ಬಂತು. ಕಟ್ಟೆಯ ಪಕ್ಕದಲ್ಲೇ ನೀರು ತುಂಬಿದ ಕೊಡವಿತ್ತು. ಯಾರೂ ಕೈ ತೊಳೆಯಲಿಲ್ಲ.